ಕೀಬೋರ್ಡ್ ನುಡಿಸಿದ್ದನ್ನು ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳಲು ಹೊಸಬರಿಗೆ ಯಾವ ತಂತ್ರಾಂಶ ಸೂಕ್ತ?

ಪ್ರಶ್ನೆ: ಮಂದ್ರಷಡ್ಜ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಭಜನಾ ಮಂಡಳಿಗೂ ಮಕ್ಕಳ ಸುಗಮ ಸಂಗೀತದ ತರಗತಿಗೂ ನಾನು ಕೀಬೋರ್ಡ್ ನುಡಿಸುತ್ತೇನೆ. ನನ್ನಲ್ಲಿರುವುದು 61 ಕೀಗಳ ಸಾಧಾರಣ ವಾದ್ಯ. ಅದರ ಹಿಂಬದಿಯಲ್ಲಿ ಪ್ರಿಂಟರಿಗೆ ಇರುವಂಥ ಚೌಕಾಕಾರದ ಯುಎಸ್‌ಬಿ ಕಿಂಡಿಯೂ ಹೆಡ್‌ಫೋನಿನ ಕಿಂಡಿಯೂ ಇವೆ. ಲ್ಯಾಪ್‌ಟಾಪ್ ವಿಂಡೋಸಿನದು, 8 ಜಿಬಿ ರ‍್ಯಾಮ್ ಇದೆ. ಹಾಡುಗಳಿಗೆ ವಾದ್ಯದ ಸಾಥ್ ಮಾತ್ರ ಮುದ್ರಿಸಿ, ಮಕ್ಕಳು ಅದರೊಂದಿಗೆ ಮನೆಯಲ್ಲಿ ಹಾಡಿ ಅಭ್ಯಾಸ ಮಾಡುವಂತೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬೇಕೆಂಬುದು ನನ್ನ ಉದ್ದೇಶ. ಆಡಾಸಿಟಿ, ರೀಪರ್, ಎಲ್‌ಎಂಎಂಎಸ್ ಎಂಬ ಹೆಸರುಗಳನ್ನು ಹಲವರು ಹೇಳಿದ್ದಾರೆ. ಆಡಾಸಿಟಿಯನ್ನು ಹಾಕಿಕೊಂಡು, ಯುಎಸ್‌ಬಿ ತಂತಿ ಜೋಡಿಸಿ ಕೆಂಪು ಗುಂಡಿ ಒತ್ತಿದರೆ, ಕೋಣೆಯ ಫ್ಯಾನಿನ ಸದ್ದು ಸ್ಪಷ್ಟವಾಗಿ ದಾಖಲಾಗುತ್ತದೆಯೇ ಹೊರತು ಕೀಬೋರ್ಡಿನದು ಎಲ್ಲೋ ದೂರದಿಂದ ಬಂದಂತೆ ಕೇಳಿಸುತ್ತದೆ. ನಾನು ಯಾವುದನ್ನು ಆರಿಸಿಕೊಳ್ಳಬೇಕು, ಬೇರೆ ಉಪಕರಣವನ್ನೇನಾದರೂ ಕೊಳ್ಳಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಪೆಟ್ಟಿಗೆ ಮೇಷ್ಟ್ರು

ಫ್ಯಾನಿನ ಸದ್ದೇ ನಿಮ್ಮ ಸಮಸ್ಯೆಯ ಮೂಲವನ್ನು ಹೇಳುತ್ತಿದೆ. ಆ ಚೌಕಾಕಾರದ ಕಿಂಡಿಯಿಂದ ಹೆಚ್ಚಿನ ಕೀಬೋರ್ಡುಗಳಲ್ಲಿ ಧ್ವನಿ ಹೊರಬರುವುದಿಲ್ಲ. ಬರುವುದು ಮಿಡಿ ಸಂದೇಶಗಳು ಮಾತ್ರ. 1983ರಿಂದ ಬಳಕೆಯಲ್ಲಿರುವ ಈ ಪದ್ಧತಿಯಲ್ಲಿ ಯಾವ ಕೀ ಒತ್ತಿದಿರಿ, 0ಯಿಂದ 127ರೊಳಗೆ ಎಷ್ಟು ಬಲದಿಂದ ಒತ್ತಿದಿರಿ, ಯಾವಾಗ ಬಿಟ್ಟಿರಿ ಎಂಬ ವಿವರಗಳಷ್ಟೇ ರವಾನೆಯಾಗುತ್ತವೆ. ಆಡಾಸಿಟಿ ಮಿಡಿಯನ್ನು ಮುದ್ರಿಸಿಕೊಳ್ಳುವುದಿಲ್ಲವಾದ್ದರಿಂದ ಅದು ಲ್ಯಾಪ್‌ಟಾಪಿನ ಮೈಕಿಗೆ ಕೇಳಿಸಿದ್ದನ್ನು ದಾಖಲಿಸಿದೆ. ಕೆಲವು ಹೊಸ ಮಾದರಿಗಳು ಅದೇ ತಂತಿಯಲ್ಲಿ ಧ್ವನಿಯನ್ನೂ ಕಳುಹಿಸುತ್ತವೆ. ನಿಮ್ಮದು ಆ ಬಗೆಯದೇ ಎಂಬುದನ್ನು ಕೈಪಿಡಿಯಲ್ಲಿ ಮೊದಲು ನೋಡಿಕೊಳ್ಳಿ.

ಆದ್ದರಿಂದ ತಂತ್ರಾಂಶದ ಆಯ್ಕೆಗಿಂತ ಮೊದಲು, ನಿಮಗೆ ಬೇಕಾದುದು ಧ್ವನಿಯೋ ನುಡಿಸಿದ್ದರ ವಿವರವೋ ಎಂಬುದು ತೀರ್ಮಾನವಾಗಬೇಕು. ನಿಮ್ಮ ವಾದ್ಯದೊಳಗಿನ ತಬಲಾ, ಹಾರ್ಮೋನಿಯಂ, ತಾಳದ ಸ್ಟೈಲುಗಳು (ವಾದ್ಯ ತಾನೇ ನುಡಿಸುವ ಸಿದ್ಧ ಸಾಥ್) ಇದ್ದಹಾಗೆಯೇ ಬೇಕೆಂದಾದರೆ ಧ್ವನಿಯನ್ನೇ ಮುದ್ರಿಸಬೇಕು, ಅದಕ್ಕೆ ಆಡಾಸಿಟಿ ಧಾರಾಳವಾಗಿ ಸಾಕು. ಅದು ಉಚಿತ, ಮೂಲಸಂಕೇತವೂ ಮುಕ್ತ. ಎಲ್‌ಎಂಎಂಎಸ್ ಅನ್ನು ಕೈಬಿಡಿ, ಅದರ 1.2ನೆಯ ಆವೃತ್ತಿಯಲ್ಲಿ ಹೊರಗಿನ ಧ್ವನಿಯನ್ನು ಮುದ್ರಿಸುವ ಸೌಲಭ್ಯವೇ ಇಲ್ಲ.

ಹೆಡ್‌ಫೋನಿನ ಕಿಂಡಿಯಿಂದ ನೇರವಾಗಿ ಲ್ಯಾಪ್‌ಟಾಪಿಗೆ ತಂತಿ ಎಳೆಯಬೇಡಿ. ಲ್ಯಾಪ್‌ಟಾಪಿನ ಒಂಟಿ ಕಿಂಡಿ ಸಾಮಾನ್ಯವಾಗಿ ಹೆಡ್‌ಸೆಟ್ಟಿಗೆಂದು ಮಾಡಿದ್ದು. ಅದರ ಮೈಕಿನ ಭಾಗ ಸ್ಟೀರಿಯೊ ಅಲ್ಲ, ಮೈಕಿನ ಕ್ಷೀಣ ಸಂಕೇತಕ್ಕೆ ಹೊಂದಿಸಿದ್ದಾದ್ದರಿಂದ ವಾದ್ಯದ ಧ್ವನಿ ಅಲ್ಲಿ ಒಡೆದು ಕೇಳಿಸುತ್ತದೆ. ಲೈನ್ ಇನ್ (ವಾದ್ಯದಂಥವುಗಳ ಧ್ವನಿಗೆ ಹೊಂದುವ ಕಿಂಡಿ) ಇರುವ ಚಿಕ್ಕ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅಂದರೆ ಧ್ವನಿಯನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ, ಒಂದನ್ನು ಕೊಳ್ಳಿ, ದುಬಾರಿಯದು ಬೇಡ. ಅತಿ ಜೋರಾಗಿ ನುಡಿಸಿದಾಗಲೂ ಆಡಾಸಿಟಿಯ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ವಾಲ್ಯೂಮ್ ಇಟ್ಟುಕೊಳ್ಳಿ. ಮೂಲ ಧ್ವನಿಕಡತ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಕಳುಹಿಸುವುದಕ್ಕೆ 128 ಕೆಬಿಪಿಎಸ್‌ನ ಎಂಪಿ3 ಮಾಡಿಕೊಂಡರೆ ನಿಮಿಷಕ್ಕೆ 1 ಎಂಬಿಯೊಳಗೆ ಮುಗಿಯುತ್ತದೆ.

ಉತ್ತರ: ಏಳುಮಾತ್ರೆ

ಮೇಷ್ಟ್ರು ಹೇಳಿದ್ದೆಲ್ಲವೂ ಸರಿ, ಆದರೆ ತರಗತಿ ನಡೆಸುವವರಿಗೆ ಆಡಾಸಿಟಿಯೇ ಸಾಕೆಂಬುದನ್ನು ನಾನು ಒಪ್ಪಲಾರೆ. ಒಂದೇ ಹಾಡನ್ನು ಒಬ್ಬಳು 5 ಮನೆಯ (ಜಿ) ಶ್ರುತಿಯಲ್ಲಿ ಹಾಡಿದರೆ ಇನ್ನೊಬ್ಬನಿಗೆ 4 ಮನೆಯೇ (ಎಫ್) ಹಿತವಾಗಿರುತ್ತದೆ. ಹೊಸದಾಗಿ ಕಲಿಯುವವರಿಗೆ ಕಾಲವನ್ನೂ ಇಳಿಸಿ ಕೊಡಬೇಕಾಗುತ್ತದೆ. ಆಡಾಸಿಟಿಯಲ್ಲಿಯೂ ಶ್ರುತಿ ಬದಲಿಸಬಹುದು, ಆದರೆ ಹೆಚ್ಚು ಬದಲಿಸಿದಷ್ಟೂ ನಾದ ಕೆಡುತ್ತದೆ. ಮಿಡಿಯಲ್ಲಿಯಾದರೆ 5 ಮನೆಯಿಂದ 4 ಮನೆಗೆ ಇಳಿಸಲು ಎಲ್ಲ ಸ್ವರಗಳನ್ನೂ ಎರಡು ಅರ್ಧಸ್ವರ ಕೆಳಗೆ ಸರಿಸಿದರೆ ಆಯಿತು, ಮತ್ತೊಮ್ಮೆ ನುಡಿಸುವ ಪ್ರಮೇಯವೇ ಇಲ್ಲ. ಮಿಡಿ ಸಂದೇಶಗಳು ಚಾನೆಲ್ಲುಗಳೆಂಬ ಬೇರೆ ಬೇರೆ ದಾರಿಗಳಲ್ಲಿ ಹೋಗುತ್ತವೆ, ಅವುಗಳಲ್ಲಿ ಹತ್ತನೆಯದನ್ನು ಮಾತ್ರ ಮುಟ್ಟಬೇಡಿ: ಅದು ತಾಳವಾದ್ಯಗಳಿಗೆ ಮೀಸಲು, ಅಲ್ಲಿ ಒಂದೊಂದು ಕೀಗೂ ಒಂದೊಂದು ವಾದ್ಯವಿರುವುದರಿಂದ ಸರಿಸಿದರೆ ಡ್ರಮ್ಮಿನ ಜಾಗದಲ್ಲಿ ಇನ್ನೇನೋ ಬಾರಿಸುತ್ತದೆ.

ನನ್ನ ಸಲಹೆ ರೀಪರ್. ಮಿಡಿಯನ್ನೂ ಧ್ವನಿಯನ್ನೂ ಅದು ಮುದ್ರಿಸುತ್ತದೆ. 60 ದಿನ ಪರೀಕ್ಷಿಸಿ ನೋಡಲು ಬಿಡುತ್ತಾರೆ, ಆಮೇಲೆ ವೈಯಕ್ತಿಕ ಬಳಕೆಯ ರಿಯಾಯಿತಿ ಪರವಾನಗಿಗೆ 60 ಡಾಲರ್. ಮ್ಯಾಕ್ ಇದ್ದಿದ್ದರೆ ಉಚಿತವಾದ ಗ್ಯಾರೇಜ್‌ಬ್ಯಾಂಡ್ ಸಾಕು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ.

ಮಂದ್ರಷಡ್ಜ

ಇಬ್ಬರಿಗೂ ಧನ್ಯವಾದಗಳು. ಶ್ರುತಿಯ ವಿಷಯ ನನಗೆ ಮುಖ್ಯವಾದ್ದರಿಂದ ರೀಪರ್ ಹಾಕಿಕೊಂಡೆ. ಕೀ ಒತ್ತಿದಾಗ ಟ್ರ್ಯಾಕಿನ ಮೀಟರ್ ಕುಣಿಯುತ್ತದೆ, ಆದರೆ ಲ್ಯಾಪ್‌ಟಾಪಿನಿಂದ ಸದ್ದೇ ಇಲ್ಲ. ಅಲ್ಲದೆ ನನ್ನ ವಾದ್ಯದ ತಬಲಾ ಸ್ಟೈಲನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಉತ್ತರ: ಏಳುಮಾತ್ರೆ

ಮೀಟರ್ ಕುಣಿದರೆ ಸಂದೇಶ ತಲುಪುತ್ತಿದೆ ಎಂದರ್ಥ. ರೀಪರಿನೊಳಗೆ ಸಿದ್ಧ ವಾದ್ಯಗಳಿಲ್ಲ ಎನ್ನಬಹುದು. ಒಂದು ಸರಳ ಸಿಂತ್ (ಕೃತಕವಾಗಿ ನಾದ ಹುಟ್ಟಿಸುವ ತಂತ್ರಾಂಶ) ಇದೆ, ಅದನ್ನು ಭಜನೆಗೆ ಬಳಸಲಾಗದು. ಸ್ಫೋರ್ಝಾಂಡೊ ಎಂಬ ಉಚಿತ ಪ್ಲೇಯರ್ ಹಾಕಿ, ಅದರಲ್ಲೊಂದು ಸೌಂಡ್‌ಫಾಂಟ್ (ವಾದ್ಯಗಳ ನಾದವಿರುವ ಕಡತ) ತೆರೆದರೆ ಪಿಯಾನೊ, ಕೊಳಲು ಮುಂತಾದವು ಬರುತ್ತವೆ. ಕೀ ಒತ್ತಿದ ಮೇಲೆ ಸದ್ದು ತಡವಾಗಿ ಬಂದರೆ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಧ್ವನಿಯ ತುಣುಕು) ಇಳಿಸಿ: 44,100 ಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಎಂದರೆ 23 ಮಿಲಿಸೆಕೆಂಡಿನ ತಡ, 256 ಎಂದರೆ ಸುಮಾರು 6. ಇಂಟರ್‌ಫೇಸಿನ ಜೊತೆ ಎಎಸ್‌ಐಒ ಡ್ರೈವರ್ (ಧ್ವನಿಯ ತಡವನ್ನು ತಗ್ಗಿಸುವ ತಂತ್ರಾಂಶ) ಬಂದಿದ್ದರೆ ಅದನ್ನೇ ಬಳಸಿ, ಇಲ್ಲವಾದರೆ ಎಎಸ್‌ಐಒ4ಆಲ್ ಹಾಕಿಕೊಳ್ಳಿ.

ತಬಲಾ ಸ್ಟೈಲ್ ಬೇಕೆಂದರೆ ಬೇರೆ ದಾರಿಯಿದೆ. ಮುದ್ರಿಸಿದ ಮಿಡಿಯನ್ನು ಅದೇ ಯುಎಸ್‌ಬಿ ತಂತಿಯಲ್ಲಿ ವಾದ್ಯಕ್ಕೇ ಹಿಂದಿರುಗಿಸಿ ನುಡಿಸಿಸಿ, ಹೊರಬರುವ ಧ್ವನಿಯನ್ನು ಇಂಟರ್‌ಫೇಸಿನ ಮೂಲಕ ಇನ್ನೊಂದು ಟ್ರ್ಯಾಕಿನಲ್ಲಿ ಹಿಡಿದುಕೊಳ್ಳಿ. ಸ್ಟೈಲಿನ ಸ್ವರಗಳು ಕಂಪ್ಯೂಟರಿಗೆ ಬರಬೇಕಾದರೆ ಅನೇಕ ಮಾದರಿಗಳಲ್ಲಿ ಅದಕ್ಕೊಂದು ಸೆಟ್ಟಿಂಗ್ ಇರುತ್ತದೆ. ಅದನ್ನು ಹುಡುಕಿ ಆನ್ ಮಾಡಬೇಕು. ಮಿಡಿ ಮುದ್ರಿಸುವಾಗ ಆ ಟ್ರ್ಯಾಕಿನ ಮಾನಿಟರಿಂಗ್ (ಬಂದ ಸಂದೇಶವನ್ನು ಆಗಲೇ ಮುಂದಕ್ಕೆ ಕಳುಹಿಸುವ ಸೌಲಭ್ಯ) ಆಫ್ ಇರಲಿ, ಇಲ್ಲವಾದರೆ ಪ್ರತಿ ಸ್ವರವೂ ಎರಡೆರಡು ಬಾರಿ ಮೊಳಗುತ್ತದೆ.

ಇನ್ನೊಂದು ವಿಷಯ. ರೀಪರ್ ತೆರೆದಾಗ ನಿಮಿಷಕ್ಕೆ 120ರ ಗತಿ, 4/4 ತಾಳ ಇರುತ್ತದೆ. ಆದಿತಾಳಕ್ಕೆ ಅದು ಹೊಂದುತ್ತದೆ, ರೂಪಕಕ್ಕೆ 3/4, ಖಂಡಛಾಪಿಗೆ 5/8, ಮಿಶ್ರಛಾಪಿಗೆ 7/8 ಎಂದು ಮುದ್ರಣಕ್ಕೆ ಮೊದಲೇ ಬದಲಿಸಿಕೊಳ್ಳಿ. ಮೆಟ್ರೊನೋಮ್ (ಲಯದ ಟಿಕ್ ಸದ್ದು), ಅದರ ಸೆಟ್ಟಿಂಗ್ ಬದಲಿಸದಿದ್ದರೆ, ಆವರ್ತದ ಮೊದಲ ಮಾತ್ರೆಗಷ್ಟೇ ಒತ್ತು ಕೊಡುವುದರಿಂದ ಮಿಶ್ರಛಾಪಿನ ಮೂರು-ಎರಡು-ಎರಡರ ನಡೆ ಅದರಲ್ಲಿ ಕೇಳಿಸದು. ಆಗ ಅದನ್ನು ನೀವೇ ಮನಸ್ಸಿನಲ್ಲಿ ಇಟ್ಟುಕೊಂಡು ನುಡಿಸಬೇಕಾಗುತ್ತದೆ.