ರಿಲೇ ಕಿಟ್ ಹಾಕಿದ ಮೇಲೆ ಹಳೇ ಜಿಪ್ಸಿಯ ಅಪ್ಪರ್-ಡಿಪ್ಪರ್ ಉಲ್ಟಾ ಆಗಿದೆ, ಸ್ವಿಚ್ ಹೋಗಿದೆಯಾ?

ಹಡಪ್ಸರ್_ಜಿಪ್ಸಿ

ಗಾಡಿ 2004ರ ಜಿಪ್ಸಿ ಕಿಂಗ್. 7 ಇಂಚಿನ ದುಂಡು ಲ್ಯಾಂಪ್, ಅಪ್ಪರ್ (ದೂರದ ಬೆಳಕು), ಡಿಪ್ಪರ್ (ತಗ್ಗಿದ ಬೆಳಕು) ಎರಡೂ ಒಂದರಲ್ಲೇ ಇರುವ ಎಚ್-4 ಬಲ್ಬ್. ಮೊದಲಿದ್ದ 60/55 ವ್ಯಾಟ್ (ಅಪ್ಪರಿಗೆ 60, ಡಿಪ್ಪರಿಗೆ 55) ಬಲ್ಬಿನ ಬೆಳಕು ಚಿಮಣಿ ದೀಪದಂತಿತ್ತು. ಅಳೆದರೆ ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಉರಿಯುವ ಬಲ್ಬಿನ ಪಿನ್‌ಗಳ ನಡುವೆ ಬರೀ 11.9.

ನಾನಾ ಪೇಠೆಯಿಂದ ರೆಡಿಮೇಡ್ ರಿಲೇ ವೈರಿಂಗ್ ಕಿಟ್ ತಂದೆ: ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಸೆರಾಮಿಕ್ ಹೋಲ್ಡರ್, 30 ಆಂಪ್‌ನ ಒಂದೇ ಫ್ಯೂಸ್. ಜೊತೆಗೆ 100/90 ಬಲ್ಬ್ ಜೋಡಿ. ಗಾಡಿಯ ಎಡಗಡೆ ಸಾಕೆಟ್ಟಿಗೆ ಕಿಟ್ಟಿನ ಪ್ಲಗ್ ಚುಚ್ಚಿದೆ, ಬಲಗಡೆ ಸಾಕೆಟ್ ಖಾಲಿ ಬಿಟ್ಟು ಟೇಪ್ ಸುತ್ತಿದೆ. ಈಗ ಹೀಗಾಗುತ್ತಿದೆ:

ಡಿಪ್ಪರಿನಲ್ಲಿಟ್ಟರೆ ರಿಲೇ ಕಟಕಟ ಎಂದು ಅಪ್ಪರ್ ಉರಿಯುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಅಪ್ಪರ್ ತೋರಿಸುವ ನೀಲಿ ದೀಪ ಅರೆಬರೆ ಬೆಳಗುತ್ತದೆ. ಅಪ್ಪರಿಗೆ ತಳ್ಳಿದರೆ ಎರಡೂ ಲ್ಯಾಂಪ್ ಕತ್ತಲು, ಆದರೆ ನೀಲಿ ದೀಪ ಪೂರ್ತಿ. ಡಿಪ್ಪರಿನಲ್ಲಿದ್ದಾಗ ಪಾಸ್ (ಅಪ್ಪರ್ ಮಿಂಚಿಸುವ ಸ್ವಿಚ್) ಒತ್ತಿದರೆ ಉರಿಯುತ್ತಿದ್ದದ್ದೂ ಆರುತ್ತದೆ. ಡಿಪ್ಪರ್ ಬೆಳಕು ಎಲ್ಲೂ ಇಲ್ಲ.

ಪ್ಲಗ್ ಕಿತ್ತು ಮೀಟರ್ ಹಿಡಿದರೆ, ಡಿಪ್ಪರಿನಲ್ಲಿ ಅಪ್ಪರ್ ಪಿನ್ನಿಗೆ 12.2 ವೋಲ್ಟ್ ಬರುತ್ತಿದೆ, ಡಿಪ್ಪರ್ ಪಿನ್ನಿಗೆ ಸೊನ್ನೆ. ಇದನ್ನು ನೋಡಿ ಗ್ಯಾರೇಜಿನವರು ಸ್ಟೀರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್ಚೇ ಬದಲಿಸಬೇಕು ಅಂದರು. ತಿಂಗಳ ಕೊನೆಗೆ ಅಂಬೋಲಿ ಘಾಟ್ ದಾಟಿ ಬೆಳಗಾವಿಗೆ ಹೋಗುವುದಿದೆ. ಸ್ವಿಚ್ ತರಲೇ?

ಕುರ್ಲಾದಿಂದ_ರಾವ್

ಮೊದಲು ಎರಡೂ ರಿಲೇ ಅದಲುಬದಲು ಮಾಡಿ ನೋಡಿ ಸರ್. ಅಗ್ಗದ ಕಿಟ್ಟುಗಳಲ್ಲಿ ರಿಲೇ ಪಾಯಿಂಟ್ ಅಂಟಿಕೊಳ್ಳುವುದು ಸಾಮಾನ್ಯ. ಕಟಕಟ ಅನ್ನುತ್ತಿದೆ ಅಂದರೆ ರಿಲೇ ಮೇಲೇ ಅನುಮಾನ.

ಪಿಂಪ್ರಿ_ತಾಮ್ರದತಂತಿ

ರಾವ್ ಸರ್, ರಿಲೇ ಅಂಟಿಕೊಂಡಿದ್ದರೆ ಪಾಸ್ ಒತ್ತಿದಾಗ ಬೆಳಕು ಆರುವುದಿಲ್ಲ. ಇಡೀ ಪ್ರಶ್ನೆಯಲ್ಲಿ ಗುಟ್ಟು ಬಿಟ್ಟುಕೊಡುವ ಸಾಲು ಅದೊಂದೇ. ಸ್ವಿಚ್ ತರಬೇಡ್ರಿ, ಅದು ಸರಿಯಾಗಿಯೇ ಇದೆ. ನಿಮ್ಮ ಗಾಡಿ ನೆಗೆಟಿವ್ ಸ್ವಿಚಿಂಗಿನದು, ಕಿಟ್ಟು ಪಾಸಿಟಿವ್ ಸ್ವಿಚಿಂಗಿನದು. ಜಗಳ ಅಷ್ಟೇ.

ಜಪಾನ್ ಮೂಲದ ಹಳೇ ಗಾಡಿಗಳಲ್ಲಿ ಇದು ಹೊಸದೇನಲ್ಲ. ಹೆಡ್‌ಲೈಟ್ ಹಾಕಿದಾಗ ಬಲ್ಬಿನ ಕಾಮನ್ ಪಿನ್ನಿಗೆ (ಅಪ್ಪರ್, ಡಿಪ್ಪರ್ ಎರಡಕ್ಕೂ ಸೇರಿದ ಪಿನ್) ಪಾಸಿಟಿವ್ ಬರುತ್ತದೆ. ಸ್ವಿಚ್ಚು ಅಪ್ಪರ್ ಅಥವಾ ಡಿಪ್ಪರ್ ಪಿನ್ನನ್ನು ಅರ್ತಿಂಗಿಗೆ, ಅಂದರೆ ಬ್ಯಾಟರಿ ನೆಗೆಟಿವ್ ಕಡೆಗೆ ಸೇರಿಸುತ್ತದೆ. ರಿಲೇಯನ್ನು ಎಳೆಯುವ ಸುರುಳಿಯ (ಕಾಯಿಲ್) ಎರಡು ತುದಿಗಳೇ 85, 86ನೇ ಪಿನ್; ನಿಮ್ಮ ಕಿಟ್ಟಿನಲ್ಲೋ 85ನ್ನು ಗಾಡಿಯ ಬಾಡಿಗೆ, ಅಂದರೆ ಅರ್ತಿಂಗಿಗೆ ಕಟ್ಟಿದೆ. ಡಿಪ್ಪರಿನಲ್ಲಿಟ್ಟಾಗ ಡಿಪ್ಪರ್ ರಿಲೇಯ ಕಾಯಿಲಿನ ಎರಡೂ ತುದಿ ಅರ್ತಿಂಗೇ ಆಯಿತು. ಅದು ಅಲ್ಲಾಡುವುದಾದರೂ ಹೇಗೆ?

ಹಾಗಾದರೆ ಅಪ್ಪರ್ ಪಿನ್ನಿನ 12.2 ಎಲ್ಲಿಂದ ಬಂತು? ನೀಲಿ ದೀಪದ ಒಂದು ತುದಿ ಪಾಸಿಟಿವ್‌ಗೆ, ಇನ್ನೊಂದು ಅಪ್ಪರ್ ವೈರಿಗೆ. ಡಿಪ್ಪರಿನಲ್ಲಿ ಆ ವೈರಿಗೆ ಸ್ವಿಚ್ಚಿನ ಕಡೆಯಿಂದ ಯಾವ ಆಸರೆಯೂ ಇಲ್ಲ, ಹಾಗಾಗಿ ನೀಲಿ ದೀಪದ ಮೂಲಕ ಜಿನುಗುವ ವೋಲ್ಟೇಜನ್ನೇ ಡಿಜಿಟಲ್ ಮೀಟರ್ ತೋರಿಸುತ್ತದೆ. ಹುಸಿ ವೋಲ್ಟ್. ಆದರೆ ರಿಲೇ ಕಾಯಿಲಿಗೆ ಬೇಕಾಗುವುದೂ ಸುಮಾರು 0.14 ಆಂಪ್ ಮಾತ್ರ, ನೀಲಿ ದೀಪದಿಂದ ಹೆಚ್ಚುಕಡಿಮೆ ಅಷ್ಟು ಹಾಯುತ್ತದೆ. ಅದಕ್ಕೇ ದೀಪ ಅರೆಬರೆ, ರಿಲೇ ಎಳೆಯುವುದೋ ಬಿಡುವುದೋ ಅನ್ನುವ ಅಂಚಿನಲ್ಲಿ ಕಟಕಟ. ಅಪ್ಪರಿಗೆ ತಳ್ಳಿದರೂ ಪಾಸ್ ಒತ್ತಿದರೂ ಆ ವೈರು ಅರ್ತಿಂಗಿಗೆ ಹೋಗಿ ರಿಲೇ ಬಿಡುತ್ತದೆ.

ನನ್ನ ಮಾತಿನ ಮೇಲೆ ಬಿಡಬೇಡಿ, ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದು ಪರೀಕ್ಷೆ ಮಾಡಿ. ಸ್ವಿಚ್ ಡಿಪ್ಪರಿನಲ್ಲಿರಲಿ. ಒಂದು ವೈರ್ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಸಾಕೆಟ್ಟಿನ ಡಿಪ್ಪರ್ ಪಿನ್ನಿಗೆ. ಝಗ್ಗನೆ ಉರಿದರೆ ನೆಗೆಟಿವ್ ಸ್ವಿಚಿಂಗ್ ಖಚಿತ. ಆಮೇಲೆ ಅಪ್ಪರ್ ಪಿನ್ ಮತ್ತು ಬಾಡಿ ನಡುವೆ ಹಿಡಿಯಿರಿ. ಮೀಟರ್ 12.2 ತೋರಿಸಿದ ಜಾಗದಲ್ಲೇ ಬಲ್ಬ್ ಉರಿಯದು, ಬದಲಿಗೆ ನೀಲಿ ದೀಪ ಬೆಳಗುತ್ತದೆ. ವೈರಿನ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, 20 ವರ್ಷದಲ್ಲಿ ಯಾರ್ಯಾರು ಏನೇನು ಜೋಡಿಸಿದ್ದಾರೋ.

ರಿಪೇರಿ ಅರ್ಧ ಗಂಟೆಯ ಕೆಲಸ. ಬ್ಯಾಟರಿ ನೆಗೆಟಿವ್ ಬಿಚ್ಚಿ. ಕಿಟ್ಟಿನಲ್ಲಿ ಎರಡೂ ರಿಲೇಗಳ 85ರಿಂದ ಹೊರಟ ತೆಳು ಕಪ್ಪು ವೈರನ್ನು ಅರ್ತಿಂಗ್ ರಿಂಗಿನಿಂದ ಕತ್ತರಿಸಿ. ಬಲ್ಬಿನಿಂದ ಬರುವ ದಪ್ಪ ಕಪ್ಪು ವೈರ್ ಮುಟ್ಟಬೇಡಿ, ಅದು ರಿಂಗಿನಲ್ಲೇ ಇರಬೇಕು. ಕತ್ತರಿಸಿದ ತುದಿಗಳನ್ನು ಗಾಡಿಯ ಸಾಕೆಟ್ಟಿನ ಕಾಮನ್ ಪಿನ್ನಿಗೆ ಸೇರಿಸಿ. 86ಗಳು ಈಗಿರುವಂತೆ ಅಪ್ಪರ್, ಡಿಪ್ಪರ್ ಪಿನ್ನುಗಳಿಗೇ ಇರಲಿ. ರಿಲೇ ಮೇಲಿನ ಚಿತ್ರದಲ್ಲಿ ಕಾಯಿಲಿನ ಪಕ್ಕ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಗುರುತಿದ್ದರೆ ಮಾತ್ರ 85-86 ಅದಲುಬದಲು ಮಾಡಿ ಪಾಸಿಟಿವ್ 86ಕ್ಕೆ ಬರುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಡಯೋಡು ಸತ್ತು ಫ್ಯೂಸನ್ನೂ ಕರೆದುಕೊಂಡು ಹೋಗುತ್ತದೆ.

ಕಿಟ್ಟಿನ ಪ್ಲಗ್ಗಿನಲ್ಲಿ ಕಾಮನ್ ಪಿನ್ನೇ ಇಲ್ಲದಿರಬಹುದು. ಆಗ ಸುಟ್ಟುಹೋದ ಹಳೇ ಎಚ್-4 ಬಲ್ಬಿನ ತಳವೇ ಚೊಕ್ಕ ಪ್ಲಗ್. ಗಾಜು ಒಡೆದು ಫಿಲಮೆಂಟ್ ಕಿತ್ತು ಹಾಕಿ ಮೂರೂ ಪಿನ್ನಿಗೆ ವೈರ್ ಬೆಸೆಯಿರಿ. ಒಳಗೆ ಒತ್ತಡದ ಅನಿಲ ಇರುತ್ತದೆ. ದಪ್ಪ ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡೇ ಒಡೆಯಬೇಕು.

ಇನ್ನೊಂದು, ಆ 30 ಆಂಪ್ ಫ್ಯೂಸ್ ಇವತ್ತೇ ತೆಗೆಯಿರಿ. ಅಂಥ ಕಿಟ್ಟುಗಳಲ್ಲಿ ಸಿಪ್ಪೆ ದಪ್ಪ, ಒಳಗಿನ ತಾಮ್ರ ತೆಳ್ಳಗೆ. ಫ್ಯೂಸ್ ಹೋಗುವ ಮುಂಚೆ ವೈರೇ ಬೆಂದೀತು. ಬ್ಯಾಟರಿಯಿಂದ ರಿಲೇಯ 30ನೇ ಪಿನ್ನಿಗೆ (ಪಾಸಿಟಿವ್ ಒಳಬರುವ ಪಿನ್) 2.5 ಚದರ ಮಿ.ಮೀ. ವೈರ್, ರಿಲೇಯಿಂದ ಒಂದೊಂದು ಬಲ್ಬಿಗೆ 1.5. ಪ್ರತಿ ರಿಲೇಗೆ ಬೇರೆ ಬೇರೆ 15 ಆಂಪ್ ಫ್ಯೂಸ್, ಬ್ಯಾಟರಿಗೆ ಅಂಟಿಕೊಂಡಂತೆ. ಒಂದೇ ಫ್ಯೂಸ್ ಇಟ್ಟು ಅದು ಘಾಟಿನ ತಿರುವಿನಲ್ಲಿ ಹೋದರೆ ಅಪ್ಪರೂ ಇಲ್ಲ ಡಿಪ್ಪರೂ ಇಲ್ಲ.

15 ಆಂಪ್ ಅಂದದ್ದು 60/55ರ ಲೆಕ್ಕಕ್ಕೆ. ಆ 100/90 ತೆಗೆದಿಡಿ. ಎಚ್-4ಕ್ಕೆ ರಸ್ತೆಯಲ್ಲಿ ಒಪ್ಪಿತವಾದದ್ದು 60/55 ಮಾತ್ರ. ಅದಿರಲಿ, ನಿಮಗೆ ಕೊರತೆ ಇದ್ದದ್ದು ವ್ಯಾಟಿನದಲ್ಲ. ಹ್ಯಾಲೋಜನ್ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. 13.8ರ ಬದಲು 11.9 ಸಿಕ್ಕರೆ ಬೆಳಕು ಶೇ 40ರಷ್ಟು ಹೋಯಿತು. ಅದನ್ನು ವಾಪಸ್ ತಂದರೆ ಸಾಕು.

ಹಡಪ್ಸರ್_ಜಿಪ್ಸಿ

ಹೇಳಿದ ಹಾಗೇ ಆಯಿತು ರೀ, 21 ವ್ಯಾಟ್ ಬಲ್ಬ್ ಡಿಪ್ಪರ್ ಪಿನ್ನಿನಲ್ಲಿ ಪೂರ್ತಿ ಉರಿಯಿತು. 85 ಎರಡನ್ನೂ ಕಾಮನ್ನಿಗೆ ಸೇರಿಸಿದೆ, ಡಯೋಡ್ ಇರಲಿಲ್ಲ. ಅಪ್ಪರ್, ಡಿಪ್ಪರ್, ಪಾಸ್, ನೀಲಿ ದೀಪ ಎಲ್ಲಾ ಸರಿ. ಹೊಸ ಫ್ಯೂಸ್, ವೈರ್ ಹಾಕಿ 60/55 ಬಲ್ಬೇ ವಾಪಸ್ ಕೂರಿಸಿದೆ. ಬ್ಯಾಟರಿಯಲ್ಲಿ 13.8, ಬಲ್ಬಿನಲ್ಲಿ 13.2. ಉಳಿದ 0.6 ಎಲ್ಲಿ ಹೋಗುತ್ತಿದೆ? ಇನ್ನೊಂದು ಪ್ರಶ್ನೆ, ಅಂಬೋಲಿಯ ಮಂಜಿಗೆ ಎಲ್‌ಇಡಿ ಬಲ್ಬ್ ಹಾಕಿದರೆ ಹೇಗೆ?

ಪಿಂಪ್ರಿ_ತಾಮ್ರದತಂತಿ

ಲೈಟ್ ಉರಿಯುತ್ತಿರುವಾಗಲೇ ಎರಡು ಕಡೆ ಅಳೆಯಿರಿ. ಬ್ಯಾಟರಿ ಪಾಸಿಟಿವ್‌ನಿಂದ ಬಲ್ಬಿನ ಪಾಸಿಟಿವ್ ಪಿನ್ನಿಗೆ 0.3ರ ಒಳಗಿರಬೇಕು. ಬಲ್ಬಿನ ಅರ್ತಿಂಗ್ ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ 0.1ರ ಆಸುಪಾಸು. ಜಿಪ್ಸಿಯಲ್ಲಿ ಲ್ಯಾಂಪಿನ ಸುತ್ತಲ ತಗಡಿಗೆ ತುಕ್ಕು, ಬಣ್ಣ ಎರಡೂ ಇರುತ್ತವೆ, ಬಹುಶಃ ಕಳ್ಳ ಅಲ್ಲೇ ಇದ್ದಾನೆ. ರಿಂಗನ್ನು ಬಾಡಿಗೆ ಕಟ್ಟುವ ಬದಲು 2.5ರ ವೈರ್ ಎಳೆದು ನೇರ ಬ್ಯಾಟರಿ ನೆಗೆಟಿವ್‌ಗೇ ಕೊಡಿ. ರಿಲೇಗಳ ಪಿನ್ ಕೆಳಮುಖವಾಗಿರಲಿ, ಮಳೆಗಾಲದಲ್ಲಿ ಒಳಗೆ ನೀರು ನಿಲ್ಲುವುದಿಲ್ಲ.

ವಾಸ್ಕೋ_ಘಟ್ಟದದಾರಿ

ಎಲ್‌ಇಡಿ ಬಗ್ಗೆ: ಬೇಡ. ನಿಮ್ಮ ರಿಫ್ಲೆಕ್ಟರ್ ಫಿಲಮೆಂಟ್ ಇರುವ ಬಿಂದುವಿಗೆ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಚೆದರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಗೋಡೆ ಮೇಲೆ ಬೆಳ್ಳಗೆ ಕಂಡರೆ ರಸ್ತೆಯಲ್ಲಿ ದೂರ ಬೀಳುತ್ತದೆ ಅಂತಲ್ಲ. ಅಂಬೋಲಿ, ಚೋರ್ಲಾ ಎರಡೂ ಕಡೆ ಮಂಜಿನಲ್ಲಿ ಮೇಲಕ್ಕೆ ಚೆದರುವ ಬೆಳಕೇ ಶತ್ರು, ಬಿಳಿ ಗೋಡೆ ಎದ್ದಂತಾಗುತ್ತದೆ. ಅಲ್ಲಿ ಡಿಪ್ಪರ್, ಮತ್ತು ಬಂಪರಿಗಿಂತ ಕೆಳಗೆ ಕಟ್ಟಿದ ಫಾಗ್ ಲ್ಯಾಂಪ್.

ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಲ್ಯಾಂಪನ್ನೇ ನೋಡಿ. ರಿಫ್ಲೆಕ್ಟರಿನ ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದ್ದರೆ ಯಾವ ಬಲ್ಬೂ ಉಪಯೋಗಕ್ಕಿಲ್ಲ. ಹೊಸ 7 ಇಂಚಿನದು ಕೊಳ್ಳುವಾಗ ಗಾಜಿನ ಮೇಲೆ ವೃತ್ತದೊಳಗಿನ ಇ ಗುರುತಿನ ಹತ್ತಿರ ಬಾಣ ಹುಡುಕಿ. ಲ್ಯಾಂಪಿಗೆ ಎದುರಾಗಿ ನಿಂತಾಗ ಬಾಣ ನಮ್ಮ ಬಲಕ್ಕೆ ತೋರಿಸಿದರೆ ಎಡಗಡೆ ಓಡಿಸುವ ನಮ್ಮಂಥ ದೇಶಗಳದ್ದು. ಬಾಣವೇ ಇಲ್ಲದಿದ್ದರೆ ಬಲಗಡೆ ಓಡಿಸುವವರದ್ದು. ಅದರ ಡಿಪ್ಪರ್ ಬಲಕ್ಕೆ ಮೇಲೇರಿ ನೇರ ಎದುರಿನ ಲಾರಿಯವನ ಮುಖಕ್ಕೆ ಹೋಗುತ್ತದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಅದು ಸರಿಹೋಗದು.

ಹೊರಡುವ ಮುಂಚೆ ಡಿಪ್ಪರ್ ಮಟ್ಟ ಮಾಡಿಕೊಳ್ಳಿ. ಸಮತಟ್ಟು ನೆಲ, ಗೋಡೆಯಿಂದ 10 ಮೀಟರ್, ಟೈರುಗಳಲ್ಲಿ ಸರಿಯಾದ ಗಾಳಿ. ಲ್ಯಾಂಪಿನ ನಡುಬಿಂದುವಿನ ಎತ್ತರವನ್ನು ಗೋಡೆಗೆ ಗುರುತು ಮಾಡಿ, ಬೆಳಕಿನ ಅಂಚು ಅದಕ್ಕಿಂತ 10 ಸೆಂ.ಮೀ. ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿ. ಒಂದು ಲ್ಯಾಂಪ್ ಮಾಡುವಾಗ ಇನ್ನೊಂದನ್ನು ಬಟ್ಟೆಯಿಂದಲ್ಲ, ರಟ್ಟಿನಿಂದ ಮುಚ್ಚಿ. ಹ್ಯಾಲೋಜನ್ ಗಾಜಿಗೆ ತಾಗಿದ ಬಟ್ಟೆ ಹೊಗೆಯಾಡಬಹುದು. ಬೆಳಗಾವಿಗೆ ಹಿಂದಿನ ಸೀಟು ತುಂಬಿಸಿಕೊಂಡು ಹೋಗುವುದಾದರೆ ಅಷ್ಟೇ ತೂಕ ಹೇರಿ ಮಟ್ಟ ಮಾಡಿ. ಜಿಪ್ಸಿಯ ಹಿಂಭಾಗ ಕುಸಿದರೆ ಮೂತಿ ಎದ್ದು ಡಿಪ್ಪರೇ ಅಪ್ಪರಿನಂತಾಗುತ್ತದೆ.

ಹಡಪ್ಸರ್_ಜಿಪ್ಸಿ

ಅರ್ತಿಂಗ್ ಕಡೆ 0.4 ಇತ್ತು, ಪಿಂಪ್ರಿಯವರು ಹೇಳಿದ ಜಾಗವೇ. ನೇರ ವೈರ್ ಎಳೆದ ಮೇಲೆ 0.1ಕ್ಕಿಳಿದು ಬಲ್ಬಿನಲ್ಲಿ 13.5 ಸಿಗುತ್ತಿದೆ. ಎಡಗಡೆ ಲ್ಯಾಂಪಿನ ರಿಫ್ಲೆಕ್ಟರ್ ಬೂದಿಯಾಗಿದೆ, ಶನಿವಾರ ಬಾಣ ನೋಡಿಯೇ ಜೋಡಿ ತರುತ್ತೇನೆ.