ಸಹಾಯ ಬೇಕು: ಉರುಳುವ ಗುಂಡಿನ ಶಕ್ತಿ ಲೆಕ್ಕ ತಾಳೆಯಾಗುತ್ತಿಲ್ಲ

ನಮಸ್ಕಾರ. ಪಿಯುಸಿ ಮಕ್ಕಳಿಗೆ ಯಾಂತ್ರಿಕ ಶಕ್ತಿಯ ಸಂರಕ್ಷಣೆ ತೋರಿಸಲು ಲ್ಯಾಬಿನಲ್ಲಿ 25 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು 20 ಸೆಂ.ಮೀ. ಎತ್ತರದಿಂದ ಇಳಿಜಾರಿನಲ್ಲಿ ಬಿಡುತ್ತಿದ್ದೇವೆ. ಸುಮ್ನೆ ಜಾರುವ ವಸ್ತುವಾದರೆ ಕೆಳಗೆ ವೇಗ ಸೆಕೆಂಡಿಗೆ 1.98 ಮೀಟರ್ ಇರಬೇಕು. ಗುಂಡು ಉರುಳುತ್ತದೆ, ಶಕ್ತಿಯ 7ರಲ್ಲಿ 2 ಪಾಲು ತಿರುಗುವುದಕ್ಕೇ ಹೋಗುತ್ತದೆ. ಹಾಗಾಗಿ 1.67. ಅಲ್ಲಿವರೆಗೆ ಸರಿ.

ಆದರೆ ಫೋಟೋಗೇಟ್ (ಬೆಳಕಿನ ಕಿರಣ ಎಷ್ಟು ಹೊತ್ತು ತಡೆಯಾಯಿತು ಎಂದು ನೋಡಿ ವೇಗ ಅಳೆಯುವ ಉಪಕರಣ) 1.60 ತೋರಿಸುತ್ತಿದೆ! ‘ಘರ್ಷಣೆ’ ಅಂತ ಬರೆದು ಕೈತೊಳೆದುಕೊಳ್ಳಲು ಮನಸ್ಸಿಲ್ಲ. ಗುಂಡು ಓಡುವುದು 12 ಮಿ.ಮೀ. ಅಗಲದ ಅಲ್ಯೂಮಿನಿಯಂ ಚಾನೆಲ್ ಮೇಲೆ, ಎರಡು ಅಂಚಿಗೆ ಮಾತ್ರ ತಾಗುತ್ತದೆ. ಹಾಗಾದರೆ ಉರುಳುವ ತ್ರಿಜ್ಯ ಗುಂಡಿನ ತ್ರಿಜ್ಯಕ್ಕಿಂತ ಕಡಿಮೆ, ಅಷ್ಟೇ ದೂರ ಹೋಗಲು ಅದು ಇನ್ನೂ ಜೋರಾಗಿ ತಿರುಗಬೇಕು, ತಿರುಗುವುದಕ್ಕೆ ಹೆಚ್ಚು ಶಕ್ತಿ ಹೋಗಬೇಕು ಅಲ್ವಾ? ಹಾಗೆ ಲೆಕ್ಕ ಹಾಕಿದರೆ 1.61 ಬರುತ್ತದೆ.

ಇದನ್ನು ಖಚಿತಪಡಿಸಲು ಚಪ್ಪಟೆ ಹಲಗೆಯ ಮೇಲೆ ಯಾರಾದರೂ ಮಾಡಿದ್ದೀರಾ? ಗುಂಡು ಪಕ್ಕಕ್ಕೆ ಸರಿಯದಂತೆ ಏನು ಮಾಡಿದಿರಿ?