ಪದಚರ್ಚೆ: 'ಸ್ವೆಲ್' ಅನ್ನುವುದಕ್ಕೆ ಬರೀ 'ಅಲೆ' ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಎರಡು ತಿಂಗಳಿಂದ ಒಂದು ಪದ ಕಾಡುತ್ತಿದೆ. ನನ್ನ ಅಣ್ಣನ ಮಗಳು ಫಿಜಿಯಲ್ಲಿದ್ದಾಳೆ. ವಿಟಿ ಲೆವು ಎಂಬ ದೊಡ್ಡ ದ್ವೀಪದ ತೆಂಕಣ ಕರಾವಳಿಯಲ್ಲಿ ಅವಳ ಮನೆ. ಅತ್ತಿಗೆ ಇರುವುದು ಕುಂದಾಪುರದಲ್ಲಿ. ಮಗಳ ಊರಿನ ಹವಾಮಾನ ತಿಳಿಯದೆ ಅವರಿಗೆ ಬೆಳಗಿನ ಚಾ ಇಳಿಯುವುದಿಲ್ಲ. ಹಾಗಾಗಿ ಅಲ್ಲಿನ ಹವಾಮಾನ ವರದಿಯನ್ನು ನಾನು ದಿನಾ ನಾಲ್ಕು ಸಾಲು ಕನ್ನಡ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಮಳೆ, ಬಿಸಿಲು, ಗಾಳಿ ಎಲ್ಲ ಸಲೀಸು. ಕಡಲಿನ ಸಾಲು ಬಂದಾಗ ಮಾತ್ರ ಕೈ ನಿಲ್ಲುತ್ತದೆ.

ಆ ಸಾಲಿನಲ್ಲಿ ಎರಡು ಬೇರೆ ಬೇರೆ ಪದ ಇರುತ್ತವೆ. ಒಂದು 'ಸೀ', ಇನ್ನೊಂದು 'ಸ್ವೆಲ್'. ಮೊನ್ನೆ ಸೀ ಸಾಧಾರಣ, ಸ್ವೆಲ್ ಜೋರು ಅಂತಿತ್ತು. ನಾನು 'ಸಮುದ್ರ ಸಾಧಾರಣ, ಅಲೆಗಳು ದೊಡ್ಡವು' ಅಂತ ಬರೆದೆ. ಐದೇ ನಿಮಿಷಕ್ಕೆ ಅತ್ತಿಗೆಯ ಫೋನು. "ಎಂತ ಮಾರಾಯ, ಸಾಧಾರಣ ಅಂತೀಯ, ದೊಡ್ಡ ಅಲೆ ಅಂತೀಯ. ಎರಡರಲ್ಲಿ ಯಾವುದು ನಿಜ?"

ಎರಡೂ ನಿಜವೇ. ತಪ್ಪು ನನ್ನ ಕನ್ನಡದ್ದು.

ಸೀ ಎಂದರೆ ಅಲ್ಲೇ, ಆಗಲೇ ಬೀಸುತ್ತಿರುವ ಗಾಳಿ ಎಬ್ಬಿಸಿದ ಅಲೆ. ಗಿಡ್ಡ, ಚೂಪು ತಲೆ, ಅಡ್ಡಾದಿಡ್ಡಿ. ಐದಾರು ಸೆಕೆಂಡಿಗೊಂದು ಬರುತ್ತದೆ. ಗಾಳಿ ನಿಂತರೆ ಅದೂ ಅಡಗುತ್ತದೆ. ಹವಾಮಾನದವರ ಅಳತೆಯಲ್ಲಿ 1.25ರಿಂದ 2.5 ಮೀಟರ್ ಎತ್ತರವಿದ್ದರೆ 'ಸಾಧಾರಣ', 2.5ರಿಂದ 4 ಮೀಟರ್ ಇದ್ದರೆ 'ರಫ್'. ನಮ್ಮ ಪತ್ರಿಕೆಗಳು ಈ ಎರಡಕ್ಕೂ, ಅದರಾಚೆಯದಕ್ಕೂ 'ಪ್ರಕ್ಷುಬ್ಧ' ಎಂಬ ಒಂದೇ ಪದವನ್ನು ಎಳೆದು ಹೊದಿಸುತ್ತವೆ. ಆ ಜಗಳ ಇನ್ನೊಂದು ದಿನಕ್ಕಿರಲಿ.

ಸ್ವೆಲ್ ಕತೆ ಬೇರೆ. ಅದು ಎಲ್ಲೋ ಹುಟ್ಟಿ ಇಲ್ಲಿಗೆ ಬಂದದ್ದು. ನ್ಯೂಜಿಲೆಂಡಿಗಿಂತ ಕೆಳಗೆ, ಅಂಟಾರ್ಕ್ಟಿಕದ ಸುತ್ತಿನ ಕಡಲಲ್ಲಿ ಬಿರುಗಾಳಿ ಎದ್ದಿರುತ್ತದೆ. ಗಾಳಿ ಅಲ್ಲೇ ಸತ್ತರೂ ಅದು ಎಬ್ಬಿಸಿದ ಅಲೆ ಸಾಯುವುದಿಲ್ಲ. ಚಿಕ್ಕಪುಟ್ಟವು ದಾರಿಯಲ್ಲೇ ಉದುರಿಹೋಗುತ್ತವೆ. ಉದ್ದನೆಯವು ಸಾಲುಗಟ್ಟಿ ಹೊರಡುತ್ತವೆ. ಒಂದು ಅಲೆಗೂ ಮುಂದಿನದಕ್ಕೂ 16 ಸೆಕೆಂಡು ಅಂತರವಿದ್ದರೆ, ಆಳದ ಕಡಲಲ್ಲಿ ಅವೆರಡರ ನಡುವೆ ಸುಮಾರು 400 ಮೀಟರ್ ಜಾಗ ಇರುತ್ತದೆ. ಅಂಥ ಅಲೆಗಳ ಗುಂಪು ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಅಂದರೆ ದಿನಕ್ಕೆ ಸಾವಿರ ಕಿಲೋಮೀಟರಿಗಿಂತ ಜಾಸ್ತಿ. ಎರಡು ಮೀಟರ್ ಎತ್ತರ ಅಷ್ಟು ಉದ್ದಕ್ಕೆ ಹರಡಿಕೊಂಡರೆ ನಡುಗಡಲಿನ ದೋಣಿಯವನಿಗೆ ಮೆಲ್ಲನೆ ತೂಗಿದ ಹಾಗಷ್ಟೇ ಅನ್ನಿಸುತ್ತದೆ. ದ್ವೀಪದ ಸುತ್ತಿನ ಹವಳದ ದಿಬ್ಬಕ್ಕೆ ಬಂದು ಕಾಲು ತಾಗಿದಾಗ ಅದು ಎದ್ದು ನಿಲ್ಲುತ್ತದೆ.

1963ರಲ್ಲಿ ವಾಲ್ಟರ್ ಮಂಕ್ ಎಂಬ ಸಾಗರ ವಿಜ್ಞಾನಿ ಮತ್ತು ಅವರ ಜೊತೆಗಾರರು ನ್ಯೂಜಿಲೆಂಡಿನಿಂದ ಅಲಾಸ್ಕದವರೆಗೆ ಅಲ್ಲಲ್ಲಿ ಅಳತೆಯ ಠಾಣೆ ಹಾಕಿಕೊಂಡು ಇಂಥ ಅಲೆಗಳ ಬೆನ್ನು ಹತ್ತಿದರು. ಮಂಕ್ ಸಮೋವಾದಲ್ಲಿ ಕೂತಿದ್ದರು. ತೆಂಕಣ ಕಡಲಲ್ಲಿ ಹುಟ್ಟಿದ ಅಲೆ ಇಡೀ ಪೆಸಿಫಿಕ್ ದಾಟಿ ಅಲಾಸ್ಕ ಮುಟ್ಟಿದ್ದು ಆಗ ಅಳತೆಗೆ ಸಿಕ್ಕಿತು. ಇಷ್ಟು ದೂರ ನಡೆದು ಬಂದದ್ದನ್ನು ಸುಮ್ನೆ 'ಅಲೆ' ಅಂದುಬಿಡುವುದು ಸರಿಯಲ್ಲ, ಅಲ್ವಾ?

ಪದದ ಹಿಂದೆ ಇಷ್ಟೊಂದು ಬಿದ್ದಿರುವುದಕ್ಕೆ ಕಾರಣ ಇದೆ. 2011ರ ಮೇ ತಿಂಗಳಲ್ಲಿ ಇದೇ ವಿಟಿ ಲೆವುವಿನ ತೆಂಕಣ ಕರಾವಳಿಗೆ ಸ್ವೆಲ್ ನುಗ್ಗಿತು. ಚಂಡಮಾರುತ ಇರಲಿಲ್ಲ. 2008ರ ಡಿಸೆಂಬರಿನಲ್ಲಿ ದೂರದ ಬಡಗಣ ಪೆಸಿಫಿಕ್ಕಿನ ಬಿರುಗಾಳಿಯ ಅಲೆಗಳು ಮಾರ್ಷಲ್ ದ್ವೀಪಗಳ ಮಜುರೊ ಊರನ್ನೂ ಸಾಲೊಮನ್, ಪಪುವಾ ನ್ಯೂಗಿನಿಯ ದಡಗಳನ್ನೂ ಮುಳುಗಿಸಿದವು. 'ಸಮುದ್ರ ಸಾಧಾರಣ' ಅಂತ ಓದಿ ನೆಮ್ಮದಿಯಾಗಿ ಕೂತವರ ಮನೆಗೆ ನೀರು ಬಂದರೆ ಕನ್ನಡ ಮಾಡಿದವನು ಏನು ಹೇಳಬೇಕು?

ಸ್ವೆಲ್ ಎಂದರೆ ಊದು, ಉಬ್ಬು ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಕೈ ತಾನಾಗಿ 'ಉಬ್ಬರ' ಅಂತ ಬರೆಯುತ್ತದೆ. ನಾನೂ ಒಂದು ವಾರ ಹಾಗೇ ಬರೆದೆ. ಆದರೆ ಉಬ್ಬರವನ್ನು ನಾವು ಆಗಲೇ ಚಂದ್ರನಿಗೆ ಕೊಟ್ಟಾಗಿದೆ. ಉಬ್ಬರ ಇಳಿತ, ಕರಾವಳಿಯ ಮಾತಿನಲ್ಲಿ ಭರತ ಇಳಿತ. ಟುವಾಲು ಎಂಬ ಪೆಸಿಫಿಕ್ ದ್ವೀಪದೇಶದ ಫುನಾಫುಟಿಯಲ್ಲಿ ವರ್ಷದ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ದಡದ ಮೇಲಿಂದ ಬರಬೇಕೆಂದೇ ಇಲ್ಲ. ಹವಳದ ನೆಲ ಜರಡಿಯಿದ್ದ ಹಾಗೆ, ಅಂಗಳದ ಒಳಗಿಂದಲೇ ನೀರು ಬುಗುಬುಗು ಎಂದು ಮೇಲೇಳುತ್ತದೆ. ಅದು ಉಬ್ಬರ. ಅದರ ಮೇಲೆ ಸ್ವೆಲ್ಲೂ ಏರಿ ಬಂದ ದಿನ ಅಪಾಯ ಜಾಸ್ತಿ. ಎರಡಕ್ಕೂ ಒಂದೇ ಪದ ಇಟ್ಟುಕೊಂಡರೆ 'ಉಬ್ಬರದ ಮೇಲೆ ಉಬ್ಬರ' ಅಂತ ಬರೆಯಬೇಕಾಗುತ್ತದೆ. ಓದಿದವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ.

ಪೆಸಿಫಿಕ್ ದ್ವೀಪಗಳ ಜನರಿಗೆ ಈ ತೊಂದರೆ ಇಲ್ಲ. ಮಾರ್ಷಲ್ ದ್ವೀಪದ ಹಳೆಯ ನಾವಿಕರು ಬರುವ ದಿಕ್ಕು ನೋಡಿ ಸ್ವೆಲ್‌ಗಳಿಗೆ ಬೇರೆ ಬೇರೆ ಹೆಸರಿಟ್ಟಿದ್ದರು. ಮೂಡಣದಿಂದ ಬರುವುದು ರಿಲಿಬ್, ಪಡುವಣದ್ದು ಕೇಲಿಬ್. ಇವು ದ್ವೀಪಕ್ಕೆ ಬಡಿದು ಹೇಗೆ ಬಾಗುತ್ತವೆ, ಎಲ್ಲಿ ಒಂದಕ್ಕೊಂದು ಸೇರುತ್ತವೆ ಎಂಬುದನ್ನು ಕಡ್ಡಿ ಕಟ್ಟಿ ನಕ್ಷೆ ಮಾಡುತ್ತಿದ್ದರು. ನಮ್ಮ ಹಿಡಿಸೂಡಿಯ ಕಡ್ಡಿ ಇದೆಯಲ್ಲ, ಅಂಥದೇ. ದ್ವೀಪ ಇರುವ ಕಡೆ ಒಂದೊಂದು ಚಿಪ್ಪು. ಈ ನಕ್ಷೆಯನ್ನು ದೋಣಿಗೆ ಒಯ್ಯುತ್ತಿರಲಿಲ್ಲ. ದಡದಲ್ಲೇ ಕಲಿತು, ಕಡಲಲ್ಲಿ ದೋಣಿಯ ತಳದಲ್ಲಿ ಮಲಗಿ ಬೆನ್ನಿಗೆ ತಾಗುವ ತೂಗಾಟದಿಂದಲೇ ದಾರಿ ಹಿಡಿಯುತ್ತಿದ್ದರು. ಸಮೋವಾದವರ ಇನ್ನೊಂದು ಪದ ನನಗೆ ತುಂಬ ಹಿಡಿಸಿತು, 'ತೈಮಾಸ'. ಪೆಸಿಫಿಕ್ ಕಡಲ ನೀರು ಬಿಸಿಯೇರುವ ಎಲ್ ನಿನೊ ಜೋರಾದಾಗ ಅಲ್ಲಿ ಕಡಲ ಮಟ್ಟವೇ ಇಳಿದು ಹವಳ ಬಿಸಿಲಿಗೆ ಬಿದ್ದು ಸಾಯುತ್ತದೆ, ನಾತ ಹೊಡೆಯುತ್ತದೆ. ಅದಕ್ಕೆ 'ನಾರುವ ಕಡಲು'. ಮೂಗಿನಿಂದ ಹುಟ್ಟಿದ ಪದ.

ದಿಕ್ಕಿನ ಮಾತು ಬಂತಲ್ಲ, ಒಂದು ಗೊಂದಲವನ್ನು ಇಲ್ಲೇ ಮುಗಿಸುತ್ತೇನೆ. ವರದಿಯಲ್ಲಿ 'ಸದರ್ಲಿ ಸ್ವೆಲ್' ಎಂದರೆ ತೆಂಕಣದಿಂದ ಬರುವುದು, ತೆಂಕಣಕ್ಕೆ ಹೋಗುವುದಲ್ಲ. ಕಡಲೊಳಗಿನ ನೀರಿನ ಹರಿವಿಗೆ (ಕರೆಂಟ್) ಮಾತ್ರ ಉಲ್ಟಾ, ಹೋಗುವ ದಿಕ್ಕಿನ ಹೆಸರು. 'ದಕ್ಷಿಣದ ಅಲೆ' ಅಂದರೆ ಎರಡೂ ಅರ್ಥ ಬರಬಹುದು. 'ತೆಂಕಣ ಗಾಳಿ' ಅಂದರೆ ಯಾವ ಕನ್ನಡಿಗನಿಗೂ ಅನುಮಾನವಿಲ್ಲ, ಅದು ತೆಂಕಣದಿಂದ ಬೀಸಿದ್ದೇ. ಅದೇ ಜಾಡಿನಲ್ಲಿ 'ತೆಂಕಣ ತೆರೆ' ಅನ್ನಬಹುದು. ಅಂದಹಾಗೆ ಟೊಂಗಾ ಎಂಬ ಹೆಸರಿಗೂ ತೆಂಕಣ ಎಂದೇ ಅರ್ಥ.

'ವಾಣಿಜ್ಯ ಮಾರುತ'ದ ಬಗ್ಗೆಯೂ ಒಂದು ಮಾತು. ಆ ದ್ವೀಪಗಳಲ್ಲಿ ವರ್ಷದ ಬಹುಪಾಲು ಮೂಡಣ ಕಡೆಯಿಂದ ಒಂದೇ ಸಮನೆ ಬೀಸುವ ಗಾಳಿಗೆ ನಮ್ಮ ಪಠ್ಯಪುಸ್ತಕ ಕೊಟ್ಟ ಹೆಸರು ಅದು. ಇಂಗ್ಲಿಷಿನ 'ಟ್ರೇಡ್' ಅನ್ನುವುದಕ್ಕೆ ಅಲ್ಲಿ ಮೊದಲಿದ್ದ ಅರ್ಥ ವ್ಯಾಪಾರವಲ್ಲ, ಜಾಡು. ಒಂದೇ ಜಾಡಿನಲ್ಲಿ ಬೀಸುವ ಗಾಳಿ ಎಂದು. ನಾವು ಅದನ್ನು ಅಂಗಡಿಗೆ ಕಳಿಸಿದೆವು. 'ಜಾಡುಗಾಳಿ' ಅಂದರೆ ಏನು ಕಮ್ಮಿ?

ಈಗ ಸ್ವೆಲ್‌ಗೆ ನಾನು ಯೋಚಿಸಿದ ಪದಗಳು. 'ಉಬ್ಬಲೆ' ಚೆನ್ನಾಗಿದೆ, ಆದರೆ ಮತ್ತೆ ಉಬ್ಬರದ ನೆರಳು. 'ದೂರಲೆ' ಅಂತ ಮಾಡಿದೆ, ಅತ್ತಿಗೆ "ಯಾರನ್ನು ದೂರಲೆ?" ಅಂದರು. ಅದು ಅಲ್ಲಿಗೆ ಮುಗಿಯಿತು. 'ಅಲೆಮಾರಿ ಅಲೆ' ತಮಾಷೆಗೆ ಸರಿ. ನನ್ನ ಮನಸ್ಸು ವಾಲಿರುವುದು ಈ ಜೋಡಿಗೆ: ಸೀ ಎಂದರೆ 'ಗಾಳಿಯಲೆ', ಸ್ವೆಲ್ ಎಂದರೆ 'ದೂರದ ತೆರೆ'. ಕನ್ನಡದಲ್ಲಿ ಅಲೆ, ತೆರೆ ಎರಡೂ ಒಂದೇ ಅರ್ಥದಲ್ಲಿ ಓಡಾಡುತ್ತವೆ, ನಿಜ. ಇರುವ ಎರಡು ಪದಗಳಿಗೆ ಕೆಲಸ ಹಂಚಿಕೊಟ್ಟರೆ ಹೊಸದನ್ನು ಹುಟ್ಟಿಸುವ ಗೋಜಿಲ್ಲ.

ಕೇರಳದ 'ಕಳ್ಳಕ್ಕಡಲ್' ಇದೆಯಲ್ಲ ಅಂತ ಕೆಲವರು ಹೇಳಬಹುದು. ಒಳ್ಳೆಯ ಪದ. ಬಿರುಗಾಳಿಯ ಸುಳಿವೇ ಇಲ್ಲದೆ ಕಳ್ಳನ ಹಾಗೆ ದಡಕ್ಕೆ ನುಗ್ಗುವ ಕಡಲಿಗೆ ಮಲಯಾಳದ ಮೀನುಗಾರರು ಇಟ್ಟ ಹೆಸರು. 2012ರಲ್ಲಿ ಯುನೆಸ್ಕೊ ಅದನ್ನು ವಿಜ್ಞಾನದ ಬಳಕೆಗೂ ಒಪ್ಪಿಕೊಂಡಿತು. ಕಡಲ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ನಮ್ಮ ಕರಾವಳಿಗೂ ಇದರ ಎಚ್ಚರಿಕೆ ಕೊಡುತ್ತದೆ. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ ಕನ್ನಡದಲ್ಲಿ ಅದು 'ಕಳ್ಳಗಡಲು' ಆಗಬೇಕು, 'ಕಳ್ಳಕ್ಕಡಲ್' ಎಂದು ಹಾಗೇ ಇಟ್ಟುಕೊಳ್ಳುವುದು ಬೇಡ. ಆದರೆ ಅದು ನೀರು ನುಗ್ಗಿದ ಮೇಲಿನ ಹೆಸರು. ನಡುಗಡಲಲ್ಲಿ ಸುಮ್ಮನೆ ನಡೆದು ಬರುತ್ತಿರುವಾಗ ಅದಿನ್ನೂ ಏನೂ ಕದ್ದಿಲ್ಲ. ಬರುವುದು ದೂರದ ತೆರೆ, ನುಗ್ಗಿದರೆ ಕಳ್ಳಗಡಲು. ನನಗೆ ಎರಡೂ ಬೇಕು.

ಕಾರವಾರ, ಅಂಕೋಲಾ, ಮಲ್ಪೆ, ಗಂಗೊಳ್ಳಿ ಕಡೆಯವರು ಯಾರಾದರೂ ಇದ್ದರೆ ಮನೆಯ ಹಿರಿಯರನ್ನು ಕೇಳಿ ನೋಡಿ. ಗಾಳಿ ಇಲ್ಲದ ದಿನ ಕಡಲು ಉದ್ದುದ್ದ ತೂಗಿದರೆ ಅದಕ್ಕೆ ಏನನ್ನುತ್ತಾರೆ? ತುಳು, ಕೊಂಕಣಿ, ಕುಂದಗನ್ನಡ ಯಾವುದಾದರೂ ಸರಿ. ದೋಣಿಗೆ ಇಳಿಯುವವರ ಬಾಯಲ್ಲಿ ಪದ ಇದ್ದರೆ ನನ್ನದನ್ನು ಇವತ್ತೇ ಅಳಿಸುತ್ತೇನೆ.

ಇವತ್ತು ಬೆಳಿಗ್ಗೆ ಗುಂಪಿಗೆ ಹಾಕಿದ್ದು ಹೀಗೆ: 'ಗಾಳಿಯಲೆ ಸಾಧಾರಣ. ತೆಂಕಣದಿಂದ ದೂರದ ತೆರೆ ಜೋರು. ಮಧ್ಯಾಹ್ನ ಉಬ್ಬರ ಇದೆ, ದಡಕ್ಕೆ ಹೋಗಬೇಡ ಅಂತ ಮಗಳಿಗೆ ಹೇಳಿ.' ಅತ್ತಿಗೆಯಿಂದ ಇನ್ನೂ ಫೋನು ಬಂದಿಲ್ಲ.